ಹದಿನೇಳನೇ ನಮೂನೆ

ಒಬ್ಬರ ನೋವನ್ನು ಇನ್ನೊಬ್ಬರ ಮೈಗೆ ದಾಟಿಸುವ, ಕತ್ತಿಗೆ ಕಟ್ಟುವ ಪಟ್ಟಿಯೊಂದು ಮೈಸೂರಿನಲ್ಲಿ ತಯಾರಾಗುತ್ತಿದ್ದ ವರ್ಷ, ಚಂದ್ರಕಲಾ ಎಂಬ ಮೂವತ್ತನಾಲ್ಕು ವರ್ಷದ ಹೆಂಗಸು ದಿನಕ್ಕೆ ನಲವತ್ತು ನೋವು ಉಣ್ಣುತ್ತಿದ್ದಳು. ಅದು ಅವಳ ನೌಕರಿ.

ಪಟ್ಟಿ ಕಂಡುಹಿಡಿದವರ ಉದ್ದೇಶ ಒಳ್ಳೆಯದೇ ಇತ್ತು. ಮಾತು ಬಾರದ ಕೂಸು, ಲಕ್ವ ಹೊಡೆದು ನಾಲಿಗೆ ಬಿದ್ದುಹೋದ ಮುದುಕ, ಇಂಥವರು ತಮಗೆ ಎಲ್ಲಿ ನೋಯುತ್ತಿದೆ, ಎಷ್ಟು ನೋಯುತ್ತಿದೆ ಎಂದು ಹೇಳಲಾರರು. ಅವರ ಕತ್ತಿನ ಹಿಂದೆ ಒಂದು ಪಟ್ಟಿ ಕಟ್ಟಿದರೆ, ಬೆನ್ನುಹುರಿಯಿಂದ ಮಿದುಳಿಗೆ ಏರುವ ಸಂಕೇತಗಳಲ್ಲಿ ನೋವಿಗೆ ಸೇರಿದವನ್ನಷ್ಟೇ ಆರಿಸಿ ಅದು ಬರೆದಿಟ್ಟುಕೊಳ್ಳುತ್ತದೆ. ಡಾಕ್ಟರು ತಮ್ಮ ಕತ್ತಿಗೂ ಅಂಥದೇ ಪಟ್ಟಿ ಕಟ್ಟಿಕೊಂಡು, ಕಂಪ್ಯೂಟರಿನಲ್ಲಿ ‘ಅನುವೇದ’ ಎಂಬ ವೆಬ್‌ಪುಟ ತೆರೆದು ರೋಗಿಯ ಹೆಸರನ್ನು ಒತ್ತಿದರೆ ಸಾಕು, ಆ ನೋವು ಹತ್ತರಲ್ಲಿ ಒಂದು ಪಾಲಾಗಿ ಅವರ ಮೈಯಲ್ಲೇ ಏಳುತ್ತದೆ. ಹೊಟ್ಟೆಯೋ ಮೂಳೆಯೋ, ಇರಿತವೋ ಉರಿಯೋ ಎಂದು ಕೇಳದೆ ತಿಳಿಯುತ್ತದೆ. ಅದಕ್ಕೆ ತಕ್ಕ ಮದ್ದು ಕೊಡಬಹುದು.

ಆದರೆ ಆ ಪುಟ ಇನ್ನೂ ಪೂರ್ತಿಯಾಗಿರಲಿಲ್ಲ. ಬರೆಯುತ್ತ, ಕೆಡವುತ್ತ, ಮತ್ತೆ ಬರೆಯುತ್ತ ಇದ್ದರು. ನಿಜವಾದ ರೋಗಿಗಳನ್ನು ಸೇರಿಸುವ ಮೊದಲು ಅದು ಸರಿಯಾಗಿ ನಡೆಯುತ್ತದೆಯೇ ಎಂದು ನೋಡಲು ನಮೂನೆ ಫೈಲುಗಳು ಬೇಕಿದ್ದವು. ಅಂಥವು ನಲವತ್ತಿದ್ದವು. ಬೆಳಿಗ್ಗೆ ಒಂಬತ್ತೂವರೆಗೆ ಚಂದ್ರಕಲಾ ತನ್ನ ಮೇಜಿನ ಮುಂದೆ ಕೂತು ಒಂದು ಸಾಲು ಟೈಪು ಮಾಡಿದರೆ ಪುಟದಲ್ಲಿ ಹಿಂದಿನ ದಿನದ್ದೆಲ್ಲ ಅಳಿಸಿಹೋಗಿ ಅವೇ ನಲವತ್ತು ಫೈಲುಗಳು ಮತ್ತೆ ಹೊಸದಾಗಿ ತುಂಬಿಕೊಳ್ಳುತ್ತಿದ್ದವು. ಟೆಸ್ಟ್ ಪೇಷೆಂಟ್ 1, ಟೆಸ್ಟ್ ಪೇಷೆಂಟ್ 2, ಹೀಗೆ. ಅವಳು ಪಟ್ಟಿ ಕಟ್ಟಿಕೊಂಡು ಒಂದೊಂದನ್ನೂ ಮೂವತ್ತು ಸೆಕೆಂಡು ನಡೆಸಿ, ಬಂತು ಎಂದು ಗುರುತು ಹಾಕಿ ಮುಂದಕ್ಕೆ ಹೋಗುತ್ತಿದ್ದಳು. ಹಲ್ಲುನೋವು, ಬೆನ್ನುನೋವು, ಮುರಿದ ಮಣಿಕಟ್ಟು. ಸಂಜೆ ಬಸ್ಸಿನಲ್ಲಿ ಕೂತಾಗ ಇವುಗಳಲ್ಲಿ ತನ್ನದೇ ನೋವು ಯಾವುದು ಎಂದು ಒಮ್ಮೊಮ್ಮೆ ಗೊತ್ತಾಗುತ್ತಿರಲಿಲ್ಲ.

“ಇವೆಲ್ಲ ಕಂಪ್ಯೂಟರ್ ಹೆಣೆದ ನೋವುಗಳು. ಯಾರದ್ದೂ ಅಲ್ಲ,” ಎಂದು ಕೆಲಸಕ್ಕೆ ಸೇರಿದ ದಿನ ಯೋಜನೆಯ ಮುಖ್ಯಸ್ಥ ಡಾಕ್ಟರ್ ಅನಂತಶಯನ ಹೇಳಿದ್ದರು. ಅವಳು ನಂಬಿದ್ದಳು. ಹದಿಮೂರು ತಿಂಗಳು ನಂಬಿದ್ದಳು.

ಜನವರಿಯ ಒಂದು ಸೋಮವಾರ ಹೊಸ ದೂರೊಂದು ಬಂತು: ಉದ್ದನೆಯ ಫೈಲುಗಳು ಅರ್ಧಕ್ಕೇ ನಿಂತುಬಿಡುತ್ತಿವೆ. ಮಿಕ್ಕ ನಮೂನೆಗಳೆಲ್ಲ ಆರೇಳು ನಿಮಿಷದವು. ಹದಿನೇಳನೆಯದು ಮಾತ್ರ ಐವತ್ತೆರಡು ನಿಮಿಷ. ಎಲ್ಲಿ ನಿಲ್ಲುತ್ತದೆ ಎಂದು ಕಂಡುಹಿಡಿಯಬೇಕಾದರೆ ಅದನ್ನು ಮೊದಲಿಂದ ಕೊನೆಯವರೆಗೆ ನಡೆಸಬೇಕಿತ್ತು. ಅದರ ಮೊದಲ ಮೂವತ್ತು ಸೆಕೆಂಡು ಅವಳಿಗೆ ಚೆನ್ನಾಗಿ ಪರಿಚಯ. ಮುನ್ನೂರು ಸಲವಾದರೂ ಉಂಡಿದ್ದಳು. ಬಲ ಮುಂಗೈಯಲ್ಲೂ ತೊಡೆಯಲ್ಲೂ ಉರಿ, ಅಷ್ಟೇ. ನೀರಿನ ಬಾಟಲಿ ಪಕ್ಕಕ್ಕಿಟ್ಟುಕೊಂಡು ಒತ್ತಿದಳು.

ಹತ್ತು ನಿಮಿಷ ಬರೀ ಉರಿ. ಮಿಕ್ಕ ಫೈಲುಗಳಾದರೆ ಅಷ್ಟು ಹೊತ್ತಿಗೆ ಮುಗಿದೇ ಹೋಗಿರುತ್ತಿದ್ದವು. ಇಲ್ಲಿ ಉರಿ ಇಳಿಯಲೂ ಇಲ್ಲ. ಹನ್ನೊಂದನೇ ನಿಮಿಷಕ್ಕೆ ಚರ್ಮದ ಒಂದು ಪಟ್ಟೆಯನ್ನು ಯಾರೋ ಎಳೆದು ತೆಗೆದಂತಾಯಿತು. ಅವಳು ಕುರ್ಚಿಯ ಕೈ ಹಿಡಿದುಕೊಂಡಳು. ಸ್ವಲ್ಪ ಬಿಡುವು. ಮತ್ತೆ ಇನ್ನೊಂದು ಪಟ್ಟೆ. ಬಿಡುವು. ಮತ್ತೊಂದು. ಹತ್ತನೇ ಒಂದು ಪಾಲೇ ಇಷ್ಟಾದರೆ ಪೂರ್ತಿ ಎಷ್ಟಿರಬಹುದು ಎಂದು ಲೆಕ್ಕ ಹಾಕಲು ಹೋಗಿ ಮನಸ್ಸು ಹಿಂದೆಗೆಯಿತು. ನಲವತ್ತನೇ ನಿಮಿಷದ ಹೊತ್ತಿಗೆ ಅವಳ ಕುಪ್ಪಸದ ಬೆನ್ನು ಒದ್ದೆಯಾಗಿತ್ತು. ಫೈಲು ಎಲ್ಲೂ ನಿಲ್ಲಲಿಲ್ಲ. ಪೂರ್ತಿ ಐವತ್ತೆರಡು ನಿಮಿಷ ನಡೆಯಿತು.

ಮನೆಯಲ್ಲಿ ಅತ್ತೆ ಜವರಮ್ಮ ಮೊರದ ತುಂಬ ನೆನೆದ ಅವರೆಕಾಳು ಹಾಕಿಕೊಂಡು ಹಿತುಕುತ್ತಿದ್ದರು. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ಆಯಾ ಆಗಿ ದುಡಿದ ಕೈ, ಒಂದು ಗಳಿಗೆ ಸುಮ್ಮನಿರದು. ಚಂದ್ರಕಲಾ ಎದುರಿಗೆ ಕೂತು ತಾನೂ ಕಾಳು ಹಿತುಕತೊಡಗಿದಳು. ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ಎಡಗೈಯಲ್ಲೇ ಹಿತುಕುತ್ತಿದ್ದಳು.

“ಏನಾಗದೆ ನಿಂಗೆ?” ಎಂದರು ಜವರಮ್ಮ.

ಅವಳು ಹೇಳಿದಳು. ಉರಿ ಹೇಗಿತ್ತು, ಎಳೆತ ಹೇಗಿತ್ತು, ನಡುವೆ ಬಿಡುವು ಹೇಗಿತ್ತು. ಜವರಮ್ಮನ ಬೆರಳು ನಿಂತುಹೋಯಿತು.

“ಎಳೆಯೋ ಮುಂಚೆ ತಣ್ಣಗಾಗ್ತಿತ್ತಾ? ನೀರು ಉಯ್ದಂಗೆ?”

“ಹೌದು ಅತ್ತೆ. ಒಂದೆರಡು ಸೆಕೆಂಡು ಉರಿ ಇಳೀತಿತ್ತು.”

“ಅದು ಮಿಶಿನ್ ಮಾಡಿದ್ದಲ್ಲ ಕಣೆ,” ಎಂದರು ಜವರಮ್ಮ. “ಸುಟ್ಟ ಮೈಗೆ ಸೀರೆ ಅಂಟ್ಕಂಡಿರ್ತದಲ್ಲ, ಅದನ್ನ ನೀರು ಹಾಕಿ ಬಿಡ್ಸೋದು. ಒಂದು ಚೂರು ಬಿಡುಸ್ತಾರೆ, ನಿಲ್ಲುಸ್ತಾರೆ, ಇನ್ನೊಂದು ಚೂರು. ನಾನು ಎಷ್ಟು ಜನಕ್ಕೆ ಕೈ ಹಿಡ್ಕಂಡು ನಿಂತಿವ್ನಿ.” ಮೊರವನ್ನು ಪಕ್ಕಕ್ಕೆ ಸರಿಸಿದರು. “ಆದ್ರೆ ಹಿಂಗೆ ನೋಯೋ ಹಂಗೆ, ನೋವಿನ ಇಂಜೆಕ್ಷನ್ ಕೊಡ್ದೆ ಯಾರೂ ಮುಟ್ತಿರ್ಲಿಲ್ಲ. ಔಷಧಿಗೆ ಗತಿ ಇಲ್ದಿದ್ದ ಕಾಲ್ದಲ್ಲೂ ಮುಟ್ತಿರ್ಲಿಲ್ಲ. ಯಾವ ಮನೆಹಾಳ್ರು ಮಾಡಿದ್ದು ಇದ?”

ಚಂದ್ರಕಲಾಳ ಎದೆಯಲ್ಲಿ ಏನೋ ಬಿಸಿಯಾಗತೊಡಗಿತ್ತು, ಅದು ಯಾವ ನಮೂನೆಯದೂ ಅಲ್ಲ.

ಮರುದಿನ ಅವಳು ಫೈಲುಗಳನ್ನು ತುಂಬುವ ಸಾಲು ಟೈಪು ಮಾಡಲಿಲ್ಲ. ಅದರ ಬದಲು ಹದಿನೇಳನೇ ಫೈಲನ್ನೇ ಬಿಚ್ಚಿ ಒಳಗಿನ ಅಕ್ಷರಗಳನ್ನು ಓದಿದಳು. ಪುಟದ ಮೇಲೆ ಹೆಸರು, ವಯಸ್ಸು, ನೋವಿನ ಜಾಗ ಇಷ್ಟೇ ಕಾಣುತ್ತಿತ್ತು. ಫೈಲಿನೊಳಗೆ ಇನ್ನೂ ಕೆಲವು ಸಾಲುಗಳಿದ್ದವು, ಅವನ್ನು ತೋರಿಸಲು ಯಾರೂ ಪುಟದಲ್ಲಿ ಜಾಗ ಇಟ್ಟಿರಲಿಲ್ಲ. ತಾರೀಖು, ಒಂದೂವರೆ ವರ್ಷದ ಹಿಂದಿನ ಜುಲೈ ಹದಿನಾಲ್ಕು. ಹೆಂಗಸು, ನಲವತ್ತಾರು. ಹಾಸಿಗೆ ಒಂಬತ್ತು. ಕೆಳಗೆ ಷರಾ: “ನೋವಿನ ಮದ್ದು ತಡೆಹಿಡಿದಿದೆ. ಪೂರ್ಣ ಅವಧಿಯ ದಾಖಲೆ ಬೇಕು.” ಅದರ ಕೆಳಗೆ ಇನ್ನೊಂದು: “21ನೇ ನಿಮಿಷ. ನಿಲ್ಲಿಸುವಂತೆ ರೋಗಿಯ ಕೋರಿಕೆ. ಮುಂದುವರಿಸಲಾಗಿದೆ.”

ಮುಂದುವರಿಸಲಾಗಿದೆ. ಆ ಪದವನ್ನು ಅವಳು ಎಷ್ಟು ಹೊತ್ತು ನೋಡುತ್ತ ಕೂತಳೋ. ಮುನ್ನೂರು ದಿನ ಆ ಹೆಂಗಸಿನ ನೋವನ್ನು ತಾನು ಅಳಿಸಿ ತುಂಬಿ, ಅಳಿಸಿ ತುಂಬಿ, ಬಂತು ಎಂದು ಗುರುತು ಹಾಕಿದ್ದಳು.

ಅನಂತಶಯನರು ಕಾಫಿ ಕುಡಿಯುತ್ತಿದ್ದರು. ಅವಳು ಮುದ್ರಿಸಿ ತಂದ ಹಾಳೆಯನ್ನು ಓದಿ ಕನ್ನಡಕ ತೆಗೆದರು. ಅವರೇನು ರಾಕ್ಷಸರಲ್ಲ. ಅವರ ತಂದೆ ಲಕ್ವದಿಂದ ಎರಡು ವರ್ಷ ಮಲಗಿ, ಒಡೆದ ಪಿತ್ತಕೋಶದ ನೋವನ್ನು ಹೇಳಲಾಗದೆ ಸತ್ತಿದ್ದರು. ಈ ಪಟ್ಟಿಗಾಗಿ ಹನ್ನೆರಡು ವರ್ಷ ಸವೆಸಿದ್ದರು.

“ನೀವಿದನ್ನ ನೋಡಬಾರದಿತ್ತು,” ಎಂದರು.

“ಯಾರದ್ದೂ ಅಲ್ಲ ಅಂದಿದ್ರಿ ಸರ್.”

“ಮೂವತ್ತೊಂಬತ್ತು ಕಂಪ್ಯೂಟರಿನದ್ದೇ. ಅವನ್ನ ಹೆಣೆಯೋದಕ್ಕೆ ಒಂದಾದ್ರೂ ನಿಜವಾದ್ದು ಬೇಕಲ್ಲ ಚಂದ್ರಕಲಾ. ಮದ್ದು ಬೆರೆತರೆ ನೋವಿನ ರೂಪವೇ ಬದಲಾಗುತ್ತೆ. ಶುದ್ಧವಾದ್ದು ಒಂದು ಬೇಕಿತ್ತು.”

“ಶುದ್ಧವಾದ್ದು,” ಎಂದಳು ಅವಳು.

“ಒಪ್ಪಿಗೆ ಇದೆ. ಹೆಬ್ಬೆಟ್ಟು ಹಾಕಿದಾರೆ. ಹೆಸರು ಎಲ್ಲೂ ಇಲ್ಲ. ಈ ಒಂದು ಫೈಲಿನಿಂದ ನಾಳೆ ಲಕ್ಷ ಜನಕ್ಕೆ ಸರಿಯಾದ ಮದ್ದು ಸಿಗುತ್ತೆ. ಅದನ್ನ ತೂಗಿ ನೋಡಿ.”

“ನಿಲ್ಲಿಸಿ ಅಂತ ಕೇಳಿದಾರೆ ಸರ್. ಇಪ್ಪತ್ತೊಂದನೇ ನಿಮಿಷಕ್ಕೆ. ಇನ್ನೂ ಮೂವತ್ತೊಂದು ನಿಮಿಷ ನಡೆಸಿದೀರಿ.”

“ನಾನು ಅಲ್ಲಿರಲಿಲ್ಲ.”

“ಓದಿರ್ತೀರಿ ತಾನೆ?”

ಅವರು ಕಿಟಕಿಯ ಕಡೆ ನೋಡಿದರು. ಕೊನೆಗೆ, “ಗುರುವಾರ ಅನುಮೋದನಾ ಸಮಿತಿ ಬರ್ತಾ ಇದೆ. ಉದ್ದ ಫೈಲು ತಡೆಯಿಲ್ಲದೆ ನಡೆಯೋದು ಅವರಿಗೆ ಕಾಣಬೇಕು. ಗುರುವಾರ ಕಳೀಲಿ. ಆಮೇಲೆ ಅಳಿಸಿಬಿಡೋಣ, ಆಯ್ತಾ?” ಎಂದರು, ಅವಳಿಗೆ ಏನೋ ಉಪಕಾರ ಮಾಡುವವರ ಹಾಗೆ.

ಅಳಿಸುತ್ತಾರಂತೆ. ಆ ಹೆಂಗಸು ಅನುಭವಿಸಿದ್ದಕ್ಕೆ ಇದ್ದ ಒಂದೇ ಸಾಕ್ಷಿ ಅದು. ಚಂದ್ರಕಲಾ ಹಾಳೆಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡು ಹೊರಗೆ ಬಂದಳು. ಬಾಗಿಲನ್ನು ಜೋರಾಗಿ ಬಡಿಯಬೇಕೆನ್ನಿಸಿತು. ಆ ಬಾಗಿಲು ತಾನೇ ನಿಧಾನವಾಗಿ ಮುಚ್ಚಿಕೊಳ್ಳುವಂಥದು, ಅದಕ್ಕೂ ಆಗಲಿಲ್ಲ.

ಹೆಸರಿಲ್ಲದವಳನ್ನು ಹುಡುಕಿಕೊಟ್ಟವರು ಜವರಮ್ಮ. ಮೈಸೂರಿನ ಆಸ್ಪತ್ರೆಗಳಲ್ಲಿ ನೆಲ ಒರೆಸುವವರು, ಬಟ್ಟೆ ಒಗೆಯುವವರು, ಹೆರಿಗೆ ಕೋಣೆಯ ಆಯಾಗಳು ಇವರಿಗೆಲ್ಲ ಜವರಮ್ಮ ಒಂದಲ್ಲ ಒಂದು ಕಾಲದಲ್ಲಿ ಹಿರಿಯಳಾಗಿ ಕೆಲಸ ಕಲಿಸಿದವರು. ಮಧ್ಯಾಹ್ನವೆಲ್ಲ ಫೋನು ಹಚ್ಚಿದರು. “ಆಚೆ ವರ್ಷ ಜುಲೈ ತಿಂಗ್ಳು, ಹದಿನಾಕು. ಬಲಗೈ, ತೊಡೆ ಸುಟ್ಟಿರೋ ಹೆಂಗ್ಸು. ಕತ್ತಿಗೆ ಏನೋ ಪಟ್ಟಿ ಕಟ್ಟಿದ್ರಂತೆ.” ಆರನೇ ಫೋನಿಗೆ ಸಿಕ್ಕಿತು. ಒಂದು ಖಾಸಗಿ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವವಳಿಗೆ ನೆನಪಿತ್ತು. ಅಷ್ಟು ಕೂಗಾಟವನ್ನು ಅವಳು ಮರೆತಿರಲಿಲ್ಲ. ನಂಜನಗೂಡಿನ ಆಚೆಯ ಹಳ್ಳಿ, ಶಾಲೆಯಲ್ಲಿ ಬಿಸಿಯೂಟ ಮಾಡುವ ಪುಟ್ಟಗೌರಮ್ಮ, ಕುದಿಯುವ ಸಾರಿನ ಪಾತ್ರೆ ಇಳಿಸುವಾಗ ಕಾಲು ಜಾರಿದ್ದು.

ಬುಧವಾರ ಅತ್ತೆ ಸೊಸೆ ಇಬ್ಬರೂ ಬಸ್ಸು ಹತ್ತಿದರು. ಶಾಲೆಯ ಊಟ ಮುಗಿದಿತ್ತು. ಪುಟ್ಟಗೌರಮ್ಮ ಅಡುಗೆಕೋಣೆಯ ಹಿಂದೆ ಕುಕ್ಕರುಗಾಲಲ್ಲಿ ಕೂತು ದೊಡ್ಡ ಪಾತ್ರೆಯೊಂದನ್ನು ಉಜ್ಜುತ್ತಿದ್ದರು. ಗಟ್ಟಿಮುಟ್ಟಾದ ಹೆಂಗಸು. ಬಲ ಮುಂಗೈಯ ಚರ್ಮ ಸುಕ್ಕಿಲ್ಲದೆ ಮಿರಮಿರ ಹೊಳೆಯುತ್ತಿತ್ತು. ಆ ಕೈಯ ಯಾವ ಜಾಗದಲ್ಲಿ ಉರಿ ಶುರುವಾಗಿ ಎಲ್ಲಿಗೆ ಮುಗಿಯುತ್ತದೆ ಎಂದು ಚಂದ್ರಕಲಾ ಕಣ್ಣು ಮುಚ್ಚಿ ಹೇಳಬಲ್ಲವಳಾಗಿದ್ದಳು. ಜವರಮ್ಮನೇ ತಾವು ಯಾರು, ಎಲ್ಲಿಂದ ಬಂದದ್ದು ಎಂದು ಹೇಳಿ, ಪಟ್ಟಿಯ ಮಾತು ತೆಗೆದರು.

“ಕಟ್ಟಿದ್ರು,” ಎಂದರು ಪುಟ್ಟಗೌರಮ್ಮ. “ಹೊಸಾದು ಬಂದದೆ, ಇದ ಕಟ್ಕಂಡ್ರೆ ನೋವು ಎಳ್ಕತದೆ ಅಂದ್ರು. ಹೆಬ್ಬೆಟ್ಟು ಒತ್ತಿ ಅಂದ್ರು, ಒತ್ದೆ.”

“ನೋವು ಎಳ್ಕೊಳ್ಳುತ್ತೆ ಅಂದ್ರಾ?” ಎಂದಳು ಚಂದ್ರಕಲಾ.

“ಊಂ. ಎಳ್ಕಳ್ಲೇ ಇಲ್ಲ. ನನ್ನ ಮೈಗೆ ಅದು ಹಿಡೀಲಿಲ್ವೇನೋ ಅಂದ್ಕಂಡೆ. ಎಲ್ಲಾರ್ಗೂ ಹಿಡ್ದದ್ದು ನಂಗ್ ಮಾತ್ರ ಹಿಡೀನಿಲ್ಲ, ನಾನು ಹಿಂಗೆ ಬಡ್ಕತಾ ಇವ್ನಲ್ಲ ಅಂತ ನಾಚ್ಕೆ ಆಗೋಯ್ತು.” ತೆಂಗಿನ ನಾರಿನಿಂದ ಪಾತ್ರೆಯ ಅಂಚನ್ನು ಎರಡು ಸಲ ಉಜ್ಜಿದರು. “ಬಿಚ್ಚಿ ಅಂತ ಒಂದ್ಸಲ ಅಂದೆ. ಸ್ವಲ್ಪ ತಡ್ಕಳಿ, ಈಗ ಕೆಲ್ಸ ಮಾಡ್ತದೆ ಅಂದ್ರು. ತಡ್ಕಂಡೆ.”

ಚಂದ್ರಕಲಾ ಒಂದೊಂದಾಗಿ ಹೇಳಿದಳು. ಆ ಪಟ್ಟಿ ನೋವು ಎಳೆದುಕೊಳ್ಳುವಂಥದಲ್ಲ, ಬರೆದುಕೊಳ್ಳುವಂಥದು. ಅದು ಶುದ್ಧವಾಗಿ ಬರಲಿ ಎಂದು ಇಂಜೆಕ್ಷನ್ ಕೊಡಲಿಲ್ಲ. ಕೈಗೆಟುಕುವಲ್ಲೇ ಇತ್ತು, ಕೊಡಲಿಲ್ಲ. ನಾಳೆ ಸಮಿತಿಯ ದೊಡ್ಡವರು ಬಂದು ಆ ದಾಖಲೆಯನ್ನೇ ನೋಡುತ್ತಾರೆ. ಪುಟ್ಟಗೌರಮ್ಮ ನಾರನ್ನು ಕೆಳಗಿಟ್ಟು, ಕೈ ತೊಳೆದು, ಸೆರಗಿಗೆ ಒರೆಸಿಕೊಂಡರು. ತುಂಬ ನಿಧಾನವಾಗಿ ಮಾಡಿದರು.

“ನಿಮ್ಗೆ ಹೆಂಗ್ ಗೊತ್ತಾಯ್ತು ಮೇಡಂ?”

“ನಿಮ್ಮ ನೋವು ದಿನಾ ನನ್ನ ಮೈಗೆ ಬರ್ತಿತ್ತು. ಹತ್ತರಲ್ಲಿ ಒಂದು ಪಾಲು. ಮೊದಲಿಂದ ಕೊನೇವರೆಗೂ ಒಂದ್ಸಲ ಮಾತ್ರ, ಮೊನ್ನೆ.”

ಪುಟ್ಟಗೌರಮ್ಮ ಅವಳ ಬಲಗೈಯನ್ನು ಎತ್ತಿ ತಿರುಗಿಸಿ ನೋಡಿದರು, ಗುರುತು ಇದೆಯೇ ಎಂದು. ಇರಲಿಲ್ಲ. “ಹಂಗಾರೆ ನಾ ಸುಳ್ಳು ಅಳ್ನಿಲ್ಲ ಅಂತ ನಿಮ್ಗೆ ಗೊತ್ತು,” ಎಂದರು. “ನಮ್ಮನೇವ್ರೂ ನಂಬ್ನಿಲ್ಲ. ಅಷ್ಟು ದೊಡ್ಡ ಆಸ್ಪತ್ರೆ, ನೋಯಕ್ಕೆ ಬಿಟ್ಟಾರಾ ಅಂದ್ರು.”

ಅವಳ ಕೈ ಬಿಟ್ಟು ಕೇಳಿದರು: “ಅಲ್ಲಿ ನನ್ನ ಹೆಸ್ರು ಏನು?”

“ಟೆಸ್ಟ್ ಪೇಷೆಂಟ್ ಹದಿನೇಳು.”

“ಥೂ,” ಎಂದರು ಪುಟ್ಟಗೌರಮ್ಮ. “ನಾಳೆ ಎಷ್ಟ್ ಹೊತ್ಗೆ ಬರ್ತಾರೆ ಆ ದೊಡ್ಡವ್ರು?”

ಗುರುವಾರ ಬೆಳಿಗ್ಗೆ ಚಂದ್ರಕಲಾ ಎಂಟು ಗಂಟೆಗೇ ಕಚೇರಿಗೆ ಹೋದಳು. ಪುಟಕ್ಕೆ ತುಂಬಿದ ವಿವರಗಳನ್ನು ಎಷ್ಟು ತಿದ್ದಿದರೂ ಫೈಲುಗಳನ್ನು ಮತ್ತೆ ತುಂಬಿದಾಗ ಅಳಿಸಿಹೋಗುತ್ತದೆ. ತಿದ್ದುವುದಿದ್ದರೆ ಫೈಲಿನಲ್ಲೇ ತಿದ್ದಬೇಕು. ಅವಳು ಹದಿನೇಳನೆಯದನ್ನು ಬಿಚ್ಚಿ ಹೆಸರಿನ ಜಾಗದಲ್ಲಿ ಪುಟ್ಟಗೌರಮ್ಮ ಎಂದು ಬರೆದಳು. ನೋವಿನ ಸಾಲುಗಳನ್ನು ಮುಟ್ಟಲಿಲ್ಲ. ಷರಾ ಕಾಣುವಂತೆ ಪುಟದಲ್ಲಿ ಒಂದು ಜಾಗ ಮಾಡಿದಳು. ಆಮೇಲೆ ಆ ಒಂದು ಸಾಲು ಟೈಪು ಮಾಡಿದಳು. ಹಳೆಯದು ಅಳಿಸಿತು. ಮೂವತ್ತೊಂಬತ್ತು ಟೆಸ್ಟ್ ಪೇಷೆಂಟ್‌ಗಳ ನಡುವೆ ಒಬ್ಬ ಹೆಂಗಸಿನ ನಿಜವಾದ ಹೆಸರು ಬಂದು ಕೂತಿತು.

ಹನ್ನೊಂದಕ್ಕೆ ಸಮಿತಿಯ ಐವರು ಬಂದರು. ಅಧ್ಯಕ್ಷೆ ಡಾಕ್ಟರ್ ಸರ್ವಮಂಗಳಾ, ನಿವೃತ್ತ ಶಸ್ತ್ರವೈದ್ಯೆ, ಎಪ್ಪತ್ತರ ಹತ್ತಿರದ ವಯಸ್ಸು. ಅವರ ಹಿಂದೆಯೇ, ಬಾಗಿಲಲ್ಲಿ ಕಾವಲಿನವನೊಡನೆ ಮಾತು ಕೇಳಿಸಿತು.

“ಯಾರು ಬೇಕಿತ್ತಮ್ಮ?”

“ನನ್ನ ನೋವು ಇಲ್ಲಿದ್ದದಂತೆ. ನೋಡಕ್ಕೆ ಬಂದೆ.”

“ನನ್ನ ಅತಿಥಿ, ಬಿಡಿ,” ಎಂದು ಚಂದ್ರಕಲಾ ಪುಟ್ಟಗೌರಮ್ಮನನ್ನು ಕರೆತಂದು ಹಿಂದಿನ ಸಾಲಿನ ಕುರ್ಚಿಯಲ್ಲಿ ಕೂರಿಸಿದಳು. ಅನಂತಶಯನರು ತಮ್ಮ ಭಾಷಣದ ಯೋಚನೆಯಲ್ಲಿದ್ದರು, ಗಮನಿಸಲಿಲ್ಲ. ತಮ್ಮ ತಂದೆಯ ಕತೆ ಹೇಳಿದರು, ಪಟ್ಟಿಯ ಕತೆ ಹೇಳಿದರು. ಚೆನ್ನಾಗಿಯೇ ಹೇಳಿದರು.

“ನನಗೆ ಕಟ್ಟಿ. ಉದ್ದದ್ದು ಯಾವುದಿದೆಯೋ ಅದನ್ನೇ ಹಾಕಿ,” ಎಂದರು ಸರ್ವಮಂಗಳಾ.

ಚಂದ್ರಕಲಾ ಪಟ್ಟಿ ಕಟ್ಟಿದಳು. “ಹತ್ತನೇ ಒಂದು ಪಾಲು ಮೇಡಂ. ಯಾವಾಗ ಬೇಡ ಅನ್ನಿಸುತ್ತೋ ಆವಾಗ ಹೇಳಿ,” ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಒತ್ತಿದಳು. ಗೋಡೆಯ ಮೇಲಿನ ತೆರೆಯಲ್ಲಿ ನೋವಿನ ಗೆರೆ ಮಾತ್ರ ಓಡುತ್ತಿತ್ತು.

ಸರ್ವಮಂಗಳಾ ಮೊದಲು ತಲೆಯಾಡಿಸುತ್ತಿದ್ದರು. “ಸುಟ್ಟಗಾಯ,” ಎಂದರು. ಎಂಟನೇ ನಿಮಿಷಕ್ಕೆ, “ಮದ್ದು ಯಾವಾಗ ಕೊಟ್ಟರು?” ಎಂದರು. ಅನಂತಶಯನರು ಹಾಳೆ ತಿರುವಿದರು. ಹನ್ನೊಂದು ದಾಟಿತು. ಅವರ ಮುಖ ಬಿಳುಚಿಕೊಂಡಿತು. ಹದಿನಾಲ್ಕನೇ ನಿಮಿಷಕ್ಕೆ ಕೈ ಎತ್ತಿ, “ಸಾಕು, ಬಿಚ್ಚಿ,” ಎಂದರು.

ಚಂದ್ರಕಲಾಳ ಬೆರಳು ಒಂದು ಕ್ಷಣ ತಡೆಯಿತು. ತಡೆಯಬೇಕೆಂದು ಅವಳೊಳಗಿನ ಸಿಟ್ಟು ಹೇಳುತ್ತಿತ್ತು. ಇನ್ನು ಏಳೇ ನಿಮಿಷ, ಇಪ್ಪತ್ತೊಂದಾಗಲಿ ಎಂದು. ಅವಳು ಒಡನೆಯೇ ನಿಲ್ಲಿಸಿ ಪಟ್ಟಿ ಬಿಚ್ಚಿದಳು.

“ನೀವು ಕೇಳಿದ್ರಿ, ಬಿಚ್ಚಿದೆ,” ಎಂದಳು. ಹಿಂದಿನ ಸಾಲಿನತ್ತ ಕೈ ತೋರಿಸಿದಳು. “ಇವರೂ ಕೇಳಿದ್ರು.” ಫೈಲಿನ ಪೂರ್ತಿ ಪುಟವನ್ನು ಗೋಡೆಯ ಮೇಲೆ ತೆರೆದಳು. ಹೆಸರು, ವಯಸ್ಸು, ತಾರೀಖು, ಎರಡು ಷರಾ. ಸಮಿತಿಯವರು ಓದಿದರು. ಅನಂತಶಯನರು ಎದ್ದು ನಿಂತು, “ಇದನ್ನ ಯಾರು ತಿದ್ದಿದ್ದು?” ಎಂದರು. “ಹೆಸರಷ್ಟೇ ನಾನು ಸೇರಿಸಿದ್ದು ಸರ್. ಮಿಕ್ಕಿದ್ದು ಮೊದಲಿಂದ್ಲೂ ಇತ್ತು,” ಎಂದಳು ಅವಳು.

ಪುಟ್ಟಗೌರಮ್ಮ ಹಿಂದಿನಿಂದ ನಡೆದು ಬಂದು ಸರ್ವಮಂಗಳಾ ಅವರ ಎದುರಿಗೆ ನಿಂತರು. ಸೆರಗು ಸರಿಸಿ ಕೈ ತೋರಿಸಿದರು. “ನಾನೇ ತಾಯಿ ಅದು. ಹದಿನಾಕು ನಿಮಿಷ ತಡ್ಕಂಡ್ರಲ್ಲ, ಒಳ್ಳೇದು. ಕೂತ್ಕಳಿ, ಎದ್ರೆ ತಲೆ ತಿರುಗ್ತದೆ.” ಆಮೇಲೆ ಅನಂತಶಯನರ ಕಡೆ ತಿರುಗಿದರು. “ನಿಮ್ಮಪ್ಪಂಗೆ ಬಾಯಿ ಬರ್ನಿಲ್ಲ, ಅದ್ಕೆ ಯಾರ್ಗೂ ಗೊತ್ತಾಗ್ನಿಲ್ಲ ಅಂದ್ರಿ. ನಂಗೆ ಬಾಯಿ ಇತ್ತಲ್ಲ ಸ್ವಾಮಿ. ಬಾಯ್ಬಿಟ್ಟು ಹೇಳಿದ್ನಲ್ಲ.”

ಅನಂತಶಯನರು ಕೂತುಬಿಟ್ಟರು.

ಅನುಮೋದನೆ ಅವತ್ತೇ ನಿಂತಿತು. ಚಂದ್ರಕಲಾಳ ನೌಕರಿ ಶುಕ್ರವಾರ ಹೋಯಿತು. ಗೋಪ್ಯ ಮಾಹಿತಿ ಬಯಲು ಮಾಡಿದ್ದು ಎಂಬ ಕಾರಣ ಬರೆದಿದ್ದರು. ಆ ಕಾಗದವನ್ನು ಅವಳು ಮೂರು ಸಲ ಓದಿ ಮೂರು ಸಲವೂ ಹಲ್ಲು ಕಚ್ಚಿದಳು. ಆಸ್ಪತ್ರೆಯ ಮೇಲೆ ವಿಚಾರಣೆ ಶುರುವಾಯಿತು. ಅಂದು ಪಟ್ಟಿ ಕಟ್ಟಿದ ಡಾಕ್ಟರು ತಮಗೆ ಮೇಲಿನಿಂದ ಹೇಳಿದ್ದರು ಎಂದರು, ಮೇಲಿನವರು ಕೆಳಗಿನವರು ತಪ್ಪು ತಿಳಿದರು ಎಂದರು. ಆ ವಿಚಾರಣೆ ಇನ್ನೂ ಮುಗಿದಿಲ್ಲ. ಅನಂತಶಯನರು ಯೋಜನೆ ಬಿಟ್ಟರು. ಹೋಗುವ ಮುಂಚೆ ಪುಟ್ಟಗೌರಮ್ಮನಿಗೆ ಒಂದು ಪತ್ರ ಬರೆದರಂತೆ; ಶಾಲೆಯ ಮೇಷ್ಟ್ರು ಓದಿ ಹೇಳಿದಾಗ ಅವರು, “ಮಡ್ಗಿ ಅತ್ಲಾಗೆ,” ಎಂದರಂತೆ.

ಐದು ತಿಂಗಳ ಮೇಲೆ ಸರ್ವಮಂಗಳಾ ಅವರೇ ಪಟ್ಟಿಯ ಕೆಲಸವನ್ನು ಬೇರೆ ತಂಡಕ್ಕೆ ವಹಿಸಿ, ಚಂದ್ರಕಲಾಳನ್ನು ಕರೆಸಿಕೊಂಡರು. ನಮೂನೆಗಳೆಲ್ಲ ಒಪ್ಪಿದವರವೇ ಇರಬೇಕು, ಮದ್ದು ನಿಲ್ಲಿಸಬಾರದು ಎಂದಾಯಿತು. ಹಳೆಯ ಹದಿನೇಳನೆಯದನ್ನು ಅಳಿಸಿಹಾಕುತ್ತೇವೆ ಎಂದು ಹೇಳಲು ಚಂದ್ರಕಲಾ ಹಳ್ಳಿಗೆ ಹೋದರೆ ಪುಟ್ಟಗೌರಮ್ಮ ಒಪ್ಪಲಿಲ್ಲ.

“ಅಳ್ಸಿದ್ರೆ ನಡೀಲೇ ಇಲ್ಲ ಅಂದಂಗೆ ಆಯ್ತದೆ. ಇರ್ಲಿ. ಸುಟ್ಟವ್ರನ್ನ ನೋಡ್ಕಳೋ ಡಾಕ್ಟ್ರು ಮಕ್ಳು ಒಂದ್ಸಲ ಉಣ್ಲಿ. ಆದ್ರೆ ನನ್ನ ಹೆಸ್ರಲ್ಲಿರ್ಲಿ. ಪ್ರತಿ ಸಲಾನೂ ನಂಗೆ ಫೋನ್ ಮಾಡಿ ಕೇಳ್ಬೇಕು.”

“ಪ್ರತಿ ಸಲಾನಾ?”

“ಪ್ರತಿ ಸಲಾನೂ. ನಾನು ಊಂ ಅಂದ್ರೇನೇ ಅದು ತಗೀಬೇಕು. ಹಂಗೆ ಮಾಡಕ್ಕಾಗ್ತದಾ ನಿಮ್ಮ ಕಂಪ್ಯೂಟ್ರಲ್ಲಿ?”

ಮಾಡಲಾಗುತ್ತಿತ್ತು. ಚಂದ್ರಕಲಾ ಎರಡು ವಾರ ಕೂತು ಮಾಡಿದಳು. ಪುಟ್ಟಗೌರಮ್ಮ ತನ್ನ ಫೋನಿನಲ್ಲಿ ಒಪ್ಪದ ಹೊರತು ಆ ಫೈಲು ಯಾರಿಗೂ ತೆರೆಯದು.

ಒಂದು ಮಂಗಳವಾರ ಮಧ್ಯಾಹ್ನ ಅದು ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡಲು ಚಂದ್ರಕಲಾ ಶಾಲೆಗೆ ಹೋಗಿದ್ದಳು. ಮಕ್ಕಳು ತಟ್ಟೆ ಹಿಡಿದು ಸಾಲಾಗಿ ಕೂತಿದ್ದರು. ಪುಟ್ಟಗೌರಮ್ಮ ಸಾರು ಬಡಿಸುತ್ತಿದ್ದಾಗ ಫೈಲು ತೆರೆಯಲು ಒಪ್ಪಿಗೆ ಕೇಳುವ ಫೋನು ಬಂತು. ಸೌಟನ್ನು ಎಡಗೈಗೆ ದಾಟಿಸಿಕೊಂಡು ಕಿವಿಗಿಟ್ಟುಕೊಂಡರು.

“ಊಂ, ನಾನೇ. ಎಷ್ಟು ಜನ ಇದ್ದೀರಿ?” ಆ ಕಡೆಯಿಂದ ಏನೋ ಹೇಳಿದರು. ಪುಟ್ಟಗೌರಮ್ಮ ಕೇಳಿಸಿಕೊಂಡರು. ಮಕ್ಕಳ ಸಾಲಿನತ್ತ, ತಮ್ಮ ಕೈಯತ್ತ ನೋಡಿಕೊಂಡರು. ಮುಖ ಬಿಗಿಯಿತು.

“ಇವತ್ತು ಬ್ಯಾಡ,” ಎಂದರು.

ಆ ಕಡೆಯ ಯಾವುದೋ ಹುಡುಗಿಯ ದನಿ ಚಂದ್ರಕಲಾಳಿಗೂ ಕೇಳಿಸಿತು: “ಸರಿ ಅಮ್ಮ. ನಿಲ್ಲಿಸ್ತೀವಿ.”

ಪುಟ್ಟಗೌರಮ್ಮ ಫೋನನ್ನು ಸೆರಗಿಗೆ ಒರೆಸಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

“ಏನಂದ್ರು?” ಎಂದಳು ಚಂದ್ರಕಲಾ, ಕೇಳಿಸಿದ್ದರೂ.

“ನಿಲ್ಲುಸ್ತೀವಿ ಅಂದ್ರು,” ಎಂದರು ಪುಟ್ಟಗೌರಮ್ಮ. ಸೌಟನ್ನು ಬಲಗೈಗೆ ತೆಗೆದುಕೊಂಡು ಮುಂದಿನ ತಟ್ಟೆಗೆ ಬಾಗಿದರು.